ಅಡಿಗೆಮನೆ ಮಾತು: ಥಾಯ್ ಪುಸ್ತಕ, ಕಾರವಾರದ ಒರಳು



ಹಿಂದಿನ ಸಂಚಿಕೆಯಲ್ಲಿ ಥಾಯ್ಲೆಂಡಿನ ಅಡಿಗೆಯ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಕಾಗದ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬಹಳಷ್ಟು ಸೋದರಿಯರು ಕೇಳಿದ್ದು ಒಂದೇ: "ಅಲ್ಲಿಯ ಸಾಮಾನು ನಮ್ಮೂರಲ್ಲಿ ಎಲ್ಲಿ ಸಿಗಬೇಕು?" ಅದಕ್ಕೆ ಉತ್ತರ ಕೆಳಗೆ ಬರೆಯುತ್ತೇನೆ. ಆದರೆ ಅಂಕೋಲಾ ಕಡೆಯ ಸೋದರಿಯೊಬ್ಬರ ಕಾಗದಕ್ಕೆ ಮೊದಲು ಉತ್ತರ ಕೊಡಬೇಕು. ಅವರು ಬರೆದದ್ದು ಹೀಗಿದೆ:

"ನಮ್ಮ ಮನೆಯವರು ಹಡಗಿನ ಕೆಲಸದಲ್ಲಿದ್ದಾರೆ. ರಜೆಗೆ ಬಂದಾಗಲೆಲ್ಲ ಬ್ಯಾಂಕಾಕಿನಲ್ಲಿ ಉಂಡ ಊಟ ನೆನೆಸಿಕೊಳ್ಳುತ್ತಾರೆ. ಈ ಸಲ ಪುಸ್ತಕವನ್ನೇ ತಂದುಕೊಟ್ಟಿದ್ದಾರೆ. ನಮ್ಮ ಅತ್ತೆ ಮಾವ ಹೋದ ಮೇಲೆ ಮೀನು ಮುಟ್ಟುವುದಿಲ್ಲ. ಪುಸ್ತಕದಲ್ಲೋ ಪ್ರತಿಯೊಂದಕ್ಕೂ ಮೀನಿನ ಸಾಸು. ನಾದಿನಿ 'ಒಂದು ಚಮಚ ತಾನೇ ಅತ್ತಿಗೆ, ಹಾಕಿಬಿಡು, ಆಯಿಗೆ ಎಲ್ಲಿ ಗೊತ್ತಾಗ್ತದೆ?' ಅನ್ನುತ್ತಾಳೆ. ಎರಡು ಅಡಿಗೆ ಮಾಡಿ ಮಾಡಿ ನನಗೂ ಸಾಕಾಗಿದೆ. ಏನು ಮಾಡಲಿ?"

ಸೋದರಿ, ಹಾಕಬೇಡಿ. ಒಂದು ಚಮಚ ಅಲ್ಲ, ಒಂದು ಹನಿಯನ್ನೂ ಹಾಕಬೇಡಿ. ಗೊತ್ತಾಗುತ್ತದೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಅವರು ಕೇಳದೆ ಉಣ್ಣುತ್ತಾರಲ್ಲ, ಅದು ನಿಮ್ಮ ಮೇಲಿನ ನಂಬಿಕೆ. ಒಂದು ದಿನ ನಾದಿನಿಯೇ ನಗುನಗುತ್ತಾ ಬಾಯಿ ಬಿಟ್ಟರೆ, ಆಮೇಲೆ ನೀವು ಮಾಡಿದ ತೊವ್ವೆಯನ್ನೂ ಅವರು ಮೂಸಿ ನೋಡಿ ಉಣ್ಣಬೇಕಾಗುತ್ತದೆ. ಅಂಥ ಮನೆ ಬೇಕೇ? ಅದೂ ಅಲ್ಲದೆ ಎರಡು ಅಡಿಗೆ ಮಾಡುವ ಅಗತ್ಯವೂ ಇಲ್ಲ. ಮೀನಿಲ್ಲದ ಥಾಯ್ ಅಡಿಗೆ ಇದೆ. ನಾವು ಕಟ್ಟಿಕೊಂಡದ್ದಲ್ಲ, ಅಲ್ಲಿಯವರದೇ, ಅಸಲಿ.

ಅಲ್ಲಿ 'ಜೇ' ಊಟ ಅಂತ ಒಂದಿದೆ. ಥಾಯ್ಲೆಂಡಿನಲ್ಲಿ ನೆಲೆನಿಂತ ಚೀನೀ ಮನೆತನಗಳಿಂದ ಬಂದ ಪದ್ಧತಿ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಿನ ಮೊದಲ ಒಂಬತ್ತು ದಿನ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಹಾಲಿಲ್ಲ; ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮೀನಿನ ಸಾಸೂ ಮೀನೇ ಆದ್ದರಿಂದ ಅದೂ ಇಲ್ಲ. ಅಂಗಡಿಗಳ ಮುಂದೆ ಹಳದಿ ಬಾವುಟ ಕಟ್ಟಿರುತ್ತಾರೆ, ಇಲ್ಲಿ ಜೇ ಊಟ ಸಿಗುತ್ತದೆ ಅಂತ. ಫುಕೆಟ್ ಊರಿನಲ್ಲಿ ಇದು ಬಹಳ ಜೋರು. ವಿಶೇಷ ನೋಡಿ, ಈ ಒಂಬತ್ತು ದಿನಗಳು ಬಹುಮಟ್ಟಿಗೆ ನಮ್ಮ ನವರಾತ್ರಿಯ ದಿನಗಳಲ್ಲೇ ಬೀಳುತ್ತವೆ. 2023ರಲ್ಲೂ ಹಾಗೇ, 2024ರಲ್ಲೂ ಹಾಗೇ. ಶ್ರಾವಣದಲ್ಲಿ ಮೀನು ಬಿಟ್ಟು, ಸೋಮವಾರ ಈರುಳ್ಳಿ ಬಿಟ್ಟು ರುಚಿಯಾಗಿ ಅಡಿಗೆ ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಮನೆಯಲ್ಲೂ ಇದೇ ಸ್ಥಿತಿ ಇರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ನನ್ನ ತವರು ಅಂಕೋಲೆ, ಕೊಟ್ಟದ್ದು ಕಾರವಾರಕ್ಕೆ. ಅತ್ತೆ 2011ರಲ್ಲಿ ಮಾವ ಹೋದಾಗ ಮೀನು ಬಿಟ್ಟರು. ಯಾರೂ ಬಿಡಿ ಅನ್ನಲಿಲ್ಲ, ಈಗಿನ ಕಾಲದಲ್ಲಿ ಯಾಕೆ ಅಂತಲೇ ಮಕ್ಕಳು ಕೇಳಿದ್ದು. ಅವರು ಉತ್ತರ ಕೊಡಲಿಲ್ಲ, ಬಿಟ್ಟರು ಅಷ್ಟೇ. ಆದರೂ ಇವತ್ತಿಗೂ ನಮ್ಮ ಮನೆಗೆ ಮೀನು ಆರಿಸುವವರು ಅವರೇ. ಬುಟ್ಟಿ ಹೊತ್ತು ಬರುವ ಬಾಯಿ ಅಂಗಳದಲ್ಲಿ ಬುಟ್ಟಿ ಇಳಿಸಿದರೆ ಅತ್ತೆ ಮೆಟ್ಟಿಲ ಮೇಲೆ ಕೂತು, ಮುಟ್ಟದೆ, "ಕಿವಿ ಎತ್ತಿ ತೋರಿಸು" ಅನ್ನುತ್ತಾರೆ. ಬಂಗಡೆಯ ಕಿವಿಯ ಕೆಂಪು ನೋಡಿಯೇ ನಿನ್ನೆಯದೋ ಇವತ್ತಿನದೋ ಹೇಳುತ್ತಾರೆ. ಅಂಥವರಿಗೆ ಒಂದು ಚಮಚ ಮೀನಿನ ಸಾಸು ಗೊತ್ತಾಗುವುದಿಲ್ಲವಂತೆ!

ಪುಸ್ತಕದ ವಿಷಯಕ್ಕೆ ಬರುತ್ತೇನೆ. ನನಗೆ ಪುಸ್ತಕ ಕೊಟ್ಟವನು ನನ್ನ ತಮ್ಮ, ಅವನೂ ಹಡಗಿನ ಅಡಿಗೆಮನೆಯಲ್ಲೇ ಇರುವವನು. ಆಸ್ಟ್ರೇಲಿಯಾದ ಡೇವಿಡ್ ಥಾಂಪ್ಸನ್ ಎಂಬ ಬಾಣಸಿಗರು ಬರೆದ 'ಥಾಯ್ ಫುಡ್', 2002ರಲ್ಲಿ ಬಂದದ್ದು. ಆರುನೂರು ಪುಟಕ್ಕೂ ಮೇಲೆ. ಎಸ್ಸೆಸ್ಸೆಲ್ಸಿ ಓದಿದ ನನ್ನ ಇಂಗ್ಲಿಷಿಗೆ ಅದು ಸ್ವಲ್ಪ ಭಾರವೇ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಿನಕ್ಕೆ ಎರಡು ಪುಟದಂತೆ, ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಓದಿದೆ. ಹಾಗೆ ಓದಿದ್ದೇ ಒಳ್ಳೆಯದಾಯಿತು, ಯಾಕೆಂದರೆ ಅದರಲ್ಲಿ ಅಡಿಗೆಗಿಂತ ಮೊದಲು ಆ ದೇಶದ ಕಥೆ ಇದೆ.

ಅದರಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿಯೊಂದನ್ನು ಹೇಳಲೇಬೇಕು. ಥಾಯ್ಲೆಂಡಿನಲ್ಲಿ ಯಾರಾದರೂ ತೀರಿಕೊಂಡರೆ, ದಹನದ ದಿನ ಬಂದವರಿಗೆ ಕೊಡುವುದಕ್ಕೆ ಮನೆಯವರು ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸುವ ರೂಢಿ ಇದೆ. ತೀರಿಕೊಂಡವರು ಒಳ್ಳೆಯ ಅಡಿಗೆಯವರಾಗಿದ್ದರೆ, ಅವರ ಕೈಯ ಅಡಿಗೆಗಳನ್ನೇ ಅದರಲ್ಲಿ ಬರೆಯುತ್ತಾರೆ. ಥಾಂಪ್ಸನ್ ಅವರು ಹಳೆಯ ರುಚಿಗಳನ್ನು ಹುಡುಕಿದ್ದು ಇಂಥ ಪುಸ್ತಕಗಳಲ್ಲೇ. ಅದಕ್ಕೂ ಹಿಂದೆ, 1908ರ ಸುಮಾರಿಗೆ, ಪ್ಲಿಯನ್ ಪಾಸಕೊರವೋಂಗ್ ಎಂಬ ದೊಡ್ಡ ಮನೆತನದ ಹೆಣ್ಣುಮಗಳು ಆ ಭಾಷೆಯ ಮೊದಮೊದಲ ಅಡಿಗೆ ಪುಸ್ತಕ ಬರೆದರಂತೆ. ನಮ್ಮಲ್ಲಿ 16ನೆಯ ಶತಮಾನದಲ್ಲೇ ಮಂಗರಸ 'ಸೂಪಶಾಸ್ತ್ರ'ವನ್ನು ಪದ್ಯದಲ್ಲಿ ಬರೆದಿದ್ದಾನೆ, ಹೆಮ್ಮೆಯ ಮಾತು. ಆದರೆ ಅದು ಗಂಡಸು ಬರೆದದ್ದು. ನಮ್ಮ ಕರಾವಳಿಯ ಹೆಂಗಸರ ಕೈರುಚಿ ಪುಸ್ತಕವಾದದ್ದು ಬಹಳ ತಡವಾಗಿ. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದವರು 'ರಸಚಂದ್ರಿಕಾ' ತಂದರಲ್ಲ, ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಅದು ಎಷ್ಟೋ ಮನೆಗಳಲ್ಲಿ ಮದುಮಗಳ ಪೆಟ್ಟಿಗೆಯಲ್ಲಿ ಹೋಯಿತು. ಅಂಥದು ಎಲ್ಲ ಮನೆತನಕ್ಕೂ ಎಲ್ಲಿದೆ?

ಆ ಪುಟ ಓದಿದ ದಿನ ಸಂಜೆ ನಾನು ಪೇಟೆಗೆ ಹೋಗಿ ಇನ್ನೂರು ಪುಟದ ನೋಟುಬುಕ್ಕು ತಂದೆ. ಅತ್ತೆಯನ್ನು ಕೂರಿಸಿ ತೆಪ್ಪಲ ಹಾಕಿದ ಬಂಗಡೆ ಹುಳಿಯ ಅಳತೆ ಕೇಳಿದೆ. "ಅಳತೆ ಎಂಥದ್ದು ಮಗಾ, ಕೈಗೆ ಗೊತ್ತಿರ್ತದೆ" ಅಂದರು. ಕೊನೆಗೆ ಅವರು ಮುಷ್ಟಿಯಲ್ಲಿ ಹಿಡಿದ ಕಾಯಿತುರಿಯನ್ನು ನಾನು ತಕ್ಕಡಿಯಲ್ಲಿ ತೂಗಿ ಬರೆದುಕೊಂಡೆ. ಈಗ ಮೂವತ್ತೊಂದು ಅಡಿಗೆ ಆಗಿವೆ. ತಾವು ಹದಿನೈದು ವರ್ಷಗಳಿಂದ ಬಾಯಿಗೆ ಹಾಕದ ಮೀನಿನ ಸಾರಿಗೆ ಉಪ್ಪು ಎಷ್ಟೆಂದು ಅವರು ಹೇಳುವಾಗ ನನಗೆ ಬರೆಯುವ ಕೈ ನಿಲ್ಲುತ್ತದೆ.

ಇರಲಿ, ಸಾಮಾನಿಗೆ ಬರೋಣ. ಪುಸ್ತಕ ಓದುತ್ತಾ ಓದುತ್ತಾ ನನಗೆ ಆಶ್ಚರ್ಯವಾದದ್ದು ಇದು: ಹೆಸರು ಗೊತ್ತಿಲ್ಲದೆ ಹೆದರಿದ ಸಾಮಾನುಗಳಲ್ಲಿ ಅರ್ಧ ನಮ್ಮ ಹಿತ್ತಿಲಲ್ಲೇ ಇವೆ.

ಲೆಮನ್ ಗ್ರಾಸ್ ಅಂದರೆ ನಮ್ಮ ಮಜ್ಜಿಗೆ ಹುಲ್ಲು. ಮಳೆಗಾಲದಲ್ಲಿ ಚಹಾಕ್ಕೆ ಹಾಕುತ್ತೇವಲ್ಲ, ಅದೇ. ಆದರೆ ನಾವು ಎಲೆ ಹಾಕುತ್ತೇವೆ, ಅವರಿಗೆ ಬೇಕಾದದ್ದು ಬುಡ. ಬೇರಿನ ಮೇಲಿನ ನಾಲ್ಕು ಬೆರಳಿನಷ್ಟು ಬಿಳಿಯ ಭಾಗ, ಮೇಲಿನ ಒರಟು ಸಿಪ್ಪೆ ಎರಡು ಸುತ್ತು ತೆಗೆದು ತೆಳ್ಳಗೆ ಹೆಚ್ಚಬೇಕು. ಎಲೆ ಹಾಕಿದರೆ ಗಂಟಲಿಗೆ ನಾರು.

ಗಲಂಗಲ್ ಎಂಬುದು ನಮ್ಮ ದುಂಪರಾಸ್ಮೆ. ಗ್ರಂಥಿಗೆ ಅಂಗಡಿಯಲ್ಲಿ ಕೆಮ್ಮಿನ ಕಷಾಯಕ್ಕೆ ಒಣಗಿದ ತುಂಡು ಕೊಡುತ್ತಾರೆ. ಅಡಿಗೆಗೆ ಹಸಿಯದು ಬೇಕು. ಗಿಡ ಶುಂಠಿ ಜಾತಿಯದು, ಬಚ್ಚಲು ನೀರು ಹೋಗುವ ಕಡೆ ನೆಟ್ಟರೆ ತಾನೇ ಹಬ್ಬುತ್ತದೆ. "ಶುಂಠಿ ಹಾಕಿದರೆ ಆಗುವುದಿಲ್ಲವೇ?" ಅಂತ ಮೂವರು ಕೇಳಿದ್ದಾರೆ. ಆಗುತ್ತದೆ, ಆದರೆ ಅದು ಶುಂಠಿ ಅಡಿಗೆ ಆಗುತ್ತದೆ. ಎರಡರ ಪರಿಮಳ ಬೇರೆ ಬೇರೆ.

ಕೊತ್ತಂಬರಿ ಬೇರು! ಥಾಯ್ ಹೆಂಗಸರು ಅದನ್ನು ಬಿಸಾಡುವುದೇ ಇಲ್ಲ, ಮಸಾಲೆಗೆ ಅರೆಯುತ್ತಾರೆ. ಕಾರವಾರದ ಭಾನುವಾರದ ಸಂತೆಗೆ ಘಟ್ಟದ ಮೇಲಿಂದ ಬರುವ ಕೊತ್ತಂಬರಿ ಕಟ್ಟಿನಲ್ಲಿ ಬೇರು ಹಾಗೇ ಇರುತ್ತದೆ. ಮಣ್ಣು ಹೋಗುವ ಹಾಗೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ದುಡ್ಡಿಲ್ಲದೆ ಬಂದ ಸಾಮಾನು ಇದೊಂದೇ.

ಬಟಾಣಿಯಷ್ಟು ಸಣ್ಣ ಹಸಿರು ಬದನೆ ಅಂತ ಚಿತ್ರದಲ್ಲಿ ಗೊಂಚಲು ಗೊಂಚಲಾಗಿ ಇದ್ದದ್ದನ್ನು ನೋಡಿ ಮಗಳು ಇದು ಎಲ್ಲೂ ಸಿಗದು ಅಂದಳು. ಅತ್ತೆ ಕನ್ನಡಕ ಹಾಕಿ ನೋಡಿ, "ಇದು ಸುಂಡೆಕಾಯಿ ಅಲ್ದಾ, ಬೇಲಿಯಲ್ಲಿ ಉಂಟು" ಅಂದರು. ಹೌದು, ಅದೇ ಗಿಡ. ದಪ್ಪ ಬದನೆಗೆ ಹಸಿರು ಗುಂಡು ಬದನೆ ಸರಿಹೋಗುತ್ತದೆ.

ನಮ್ಮ ಮೀನಿನ ಹುಳಿಗೆ ಪ್ರಾಣವಾದ ತೆಪ್ಪಲದ ಕುಲದ್ದೇ ಕಾಯಿಯನ್ನು ಉತ್ತರ ಥಾಯ್ಲೆಂಡಿನಲ್ಲಿ 'ಮಖ್ವೇನ್' ಅಂತ ಮಾಂಸದ ಅಡಿಗೆಗೆ ಹಾಕುತ್ತಾರೆ. ನಮ್ಮ ಉಪ್ಪಾಗೆಯ ಕುಲದ ಹುಳಿಕಾಯಿಯ ಒಣ ಹೋಳುಗಳನ್ನು ದಕ್ಷಿಣ ಥಾಯ್ಲೆಂಡಿನವರು ಮೀನಿನ ಸಾರಿಗೆ ಹಾಕುತ್ತಾರೆ. ಅವರ 'ಖನೋಮ್ ಕ್ರೋಕ್' ಎಂಬ ತಿಂಡಿ, ಅಕ್ಕಿಹಿಟ್ಟು ತೆಂಗಿನ ಹಾಲಿನದು, ಸಾಕ್ಷಾತ್ ನಮ್ಮ ಅಪ್ಪೆ ಕಾವಲಿಯಂಥದರಲ್ಲೇ ಬೇಯುತ್ತದೆ. ಮೆಣಸಿನಕಾಯಿ ಮಾತ್ರ ನಮ್ಮದೂ ಅಲ್ಲ, ಅವರದೂ ಅಲ್ಲ. ಅಮೆರಿಕಾ ಖಂಡದ ಕಾಯಿ ಅದು. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ, ಮಲಾಕ್ಕಾ ಹಿಡಿದದ್ದು 1511ರಲ್ಲಿ. ಆ ಹಡಗುಗಳ ಓಡಾಟದಲ್ಲೇ ಇಬ್ಬರ ಒರಳಿಗೂ ಮೆಣಸು ಬಂತು ಅಂತ ತಿಳಿದವರು ಹೇಳುತ್ತಾರೆ. ಅದಕ್ಕೆ ಮೊದಲು ಇಬ್ಬರೂ ಕಾಳುಮೆಣಸಿನ ಖಾರವನ್ನೇ ಉಣ್ಣುತ್ತಿದ್ದದ್ದು.

ಸಿಗದೇ ಇರುವುದು ಒಂದು: ಮಕ್ರುತ್ ಎಂಬ ಅವರ ಒರಟು ಸಿಪ್ಪೆಯ ನಿಂಬೆಯ ಎಲೆ. ಒಂದರ ತುದಿಗೆ ಇನ್ನೊಂದು ಎಲೆ ಅಂಟಿಕೊಂಡ ಹಾಗಿರುತ್ತದೆ. ದೊಡ್ಡ ಊರಿನ ನರ್ಸರಿಗಳಲ್ಲಿ ಸಸಿ ಸಿಗುತ್ತದೆ, ನಮ್ಮ ಕರಾವಳಿಯ ಹವೆಗೆ ಚೆನ್ನಾಗಿ ಬರುತ್ತದೆ. ಅಲ್ಲಿಯವರೆಗೆ ಹಿತ್ತಿಲ ನಿಂಬೆಯ ಎಳೆ ಎಲೆ, ನಡುವಿನ ನರ ತೆಗೆದು ಕೂದಲಿನ ಹಾಗೆ ಹೆಚ್ಚಿ ಹಾಕಿ. ಅದೇ ಪರಿಮಳ ಬರುವುದಿಲ್ಲ. ಬರುತ್ತದೆ ಅಂತ ನಾನು ಹೇಳುವುದಿಲ್ಲ. ಬದಲಿ ಹಾಕಿದರೆ ಬದಲಿ ಅಂತಲೇ ಹೇಳಿ ಬಡಿಸಬೇಕು, ಅದಕ್ಕೇನು ನಾಚಿಕೆ?

ಇನ್ನು ತುಳಸಿ. ಥಾಯ್ಲೆಂಡಿನಲ್ಲಿ ಕೃಷ್ಣ ತುಳಸಿಯಂಥ ತುಳಸಿಯನ್ನೇ ಕೈತುಂಬ ಹಾಕಿ ಮಾಂಸ ಹುರಿಯುತ್ತಾರೆ. 'ಕಪ್ರಾವ್' ಅನ್ನುತ್ತಾರೆ. ಅವರಿಗೆ ಅದು ಸೊಪ್ಪು, ನಮಗೆ ಕಟ್ಟೆಯ ಮೇಲಿನ ದೇವರು. ನಾನು ಅದನ್ನು ನಮ್ಮ ಮನೆಯಲ್ಲಿ ಮಾಡಿಲ್ಲ, ಮಾಡುವುದೂ ಇಲ್ಲ. ಆರುನೂರು ಪುಟದಲ್ಲಿ ಒಂದು ಅಡಿಗೆ ಬಿಟ್ಟರೆ ಪುಸ್ತಕವೇನೂ ಬೇಸರಿಸುವುದಿಲ್ಲ. ತೆಂಗಿನ ಹಾಲಿನ ಅಡಿಗೆಗೆ ಹಾಕುವ ಸೊಪ್ಪು ಬೇರೆಯದು, ಅದು ನಮ್ಮ ಕಾಮಕಸ್ತೂರಿಯ ಜಾತಿ. ಅದನ್ನು ಧಾರಾಳವಾಗಿ ಹಾಕಿ.

ಸೋಯಾ ಸಾಸು, ಅಣಬೆ ಮುಂತಾದವು ಈಗ ಕಷ್ಟವಿಲ್ಲ. ಕಾರವಾರದಲ್ಲಂತೂ 2005ರಲ್ಲಿ ಐ.ಎನ್.ಎಸ್. ಕದಂಬ ನೌಕಾನೆಲೆ ಆದ ಮೇಲೆ ಎಲ್ಲೆಲ್ಲಿಯ ಸಂಸಾರಗಳೋ ಬಂದು ನೆಲೆಸಿವೆ, ಅಂಗಡಿಯವರೂ ಎಲ್ಲಾ ತರಿಸುತ್ತಾರೆ.

ಅದೇ ಅಂಗಡಿಗಳಲ್ಲಿ ಅರೆದ ಥಾಯ್ ಮಸಾಲೆಯ ಡಬ್ಬಿಯೂ ಬಂದಿದೆ. ಅಂಕೋಲಾದ ಸೋದರಿ, ಇದನ್ನು ಗಮನವಿಟ್ಟು ಓದಿ. ಹಸಿರು ಮಸಾಲೆ, ಕೆಂಪು ಮಸಾಲೆ ಅಂತ ತರಕಾರಿಯ ಚಿತ್ರ ಹಾಕಿದ್ದರೂ ಎಷ್ಟೋ ಡಬ್ಬಿಗಳಲ್ಲಿ 'ಶ್ರಿಂಪ್ ಪೇಸ್ಟ್' ಇರುತ್ತದೆ. ನಿಮ್ಮ ಅಂಕೋಲೆಯ ಶೆಟ್ಲಿ, ನಮ್ಮ ಕಾರವಾರದ ಸುಂಗಟ, ಅದನ್ನೇ ಉಪ್ಪು ಹಾಕಿ ಕೊಳೆಸಿ ಅರೆದದ್ದು. ಡಬ್ಬಿ ತಿರುಗಿಸಿ ಚುಕ್ಕೆ ನೋಡಿ: ಹಸಿರು ಚುಕ್ಕೆ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ. ಹಳೆಯ ಡಬ್ಬಿಗಳಲ್ಲಿ ತ್ರಿಕೋನದ ಬದಲು ಕಂದು ಚುಕ್ಕೆ ಇತ್ತು. ಚುಕ್ಕೆ ನೋಡಿದ ಮೇಲೂ ಸಣ್ಣ ಅಕ್ಷರ ಓದಿ. ವ್ರತ ನೇಮದ ಮಾತು ಮಾತ್ರವಲ್ಲ, ಶೆಟ್ಲಿ ತಿಂದರೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವವರೂ ಇದ್ದಾರೆ. ಅಂಥವರಿಗೆ ಬಡಿಸುವಾಗ ಊಹೆ ನಡೆಯುವುದಿಲ್ಲ.

ಮಸಾಲೆ ಅರೆಯುವ ಕ್ರಮ ಗೊತ್ತಾದರೆ ಡಬ್ಬಿಯೇ ಬೇಡ. ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ನಾವು ಕಾಯಿಯ ಜೊತೆ ನೀರು ಹಾಕಿ ರುಬ್ಬುತ್ತೇವೆ. ಅವರು ನೀರು ಹಾಕದೆ ಕಲ್ಲಿನಲ್ಲಿ ಕುಟ್ಟುತ್ತಾರೆ. ಕಾಯಿ ಮಸಾಲೆಗೆ ಸೇರುವುದೇ ಇಲ್ಲ. ಮೊದಲು ಗಟ್ಟಿಯಾದದ್ದು, ಆಮೇಲೆ ಮೆತ್ತಗಿನದು. ಮೆಣಸಿನ ಜೊತೆ ಹರಳುಪ್ಪು ಹಾಕಿದರೆ ಉಪ್ಪಿನ ಹರಳು ಮರಳಿನ ಹಾಗೆ ಕೆಲಸ ಮಾಡಿ ಮೆಣಸು ಬೇಗ ನುಣ್ಣಗಾಗುತ್ತದೆ. ನಮ್ಮ ಸಾಣಿಕಟ್ಟೆಯ ಹರಳುಪ್ಪು ಇದಕ್ಕೆ ಹೇಳಿಮಾಡಿಸಿದ್ದು. ಮಿಕ್ಸಿ ಇರುವವರು ಮಿಕ್ಸಿಯಲ್ಲೇ ಮಾಡಿ, ನಾನು ದಿನವೂ ಕುಟ್ಟಿ ಅನ್ನುವುದಿಲ್ಲ, ಭುಜ ನಮ್ಮದೇ ಅಲ್ಲವೇ. ಆದರೆ ತಿರುಗದಿದ್ದರೆ ನೀರಿನ ಬದಲು ಎರಡು ಚಮಚ ತೆಂಗಿನ ಗಟ್ಟಿ ಹಾಲು ಹಾಕಿ.

ಈಗ ಹಸಿರು ಮಸಾಲೆಯ ಪದಾರ್ಥ ಹೇಳುತ್ತೇನೆ. ಅವರ ಹೆಸರು 'ಕೇಂಗ್ ಖಿಯೋ ವಾನ್'. ಐದು ಜನರಿಗೆ ಸಾಕು. ಇದು ಮೀನಿಲ್ಲದ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಕ್ರಮ.

ಮಸಾಲೆಗೆ: ಹಸಿಮೆಣಸು ಹನ್ನೆರಡು (ಸೂಜಿಮೆಣಸಾದರೆ ಎಂಟೇ ಸಾಕು), ಹರಳುಪ್ಪು ಒಂದು ಸಣ್ಣ ಚಮಚ, ಹಸಿ ದುಂಪರಾಸ್ಮೆ ಒಂದು ಇಂಚು, ಮಜ್ಜಿಗೆ ಹುಲ್ಲಿನ ಬುಡ ಮೂರು, ಕೊತ್ತಂಬರಿ ಬೇರು ಎಂಟು, ನಿಂಬೆಯ ಹಸಿರು ಸಿಪ್ಪೆ ಹೆರೆದದ್ದು ಅರ್ಧ ಚಮಚ, ಹಸಿ ಅರಿಸಿನ ಅರ್ಧ ಬೆರಳು, ಹುರಿದ ಕೊತ್ತಂಬರಿ ಬೀಜ ಒಂದು ಚಮಚ, ಹುರಿದ ಜೀರಿಗೆ ಅರ್ಧ ಚಮಚ, ಬಿಳಿ ಕಾಳುಮೆಣಸು ಹತ್ತು. ಒಣ ಕಾಳುಗಳನ್ನು ಬೇರೆ ಪುಡಿ ಮಾಡಿಟ್ಟುಕೊಂಡು, ಉಳಿದದ್ದನ್ನು ಬರೆದ ಕ್ರಮದಲ್ಲೇ ಒಂದೊಂದಾಗಿ ಹಾಕಿ ಕುಟ್ಟಿ, ಕೊನೆಗೆ ಪುಡಿ ಬೆರೆಸಿ. ಇಂಗು ಹಾಕುವ ಆಸೆ ಬರುತ್ತದೆ, ಈರುಳ್ಳಿ ಇಲ್ಲವಲ್ಲ ಅಂತ. ಹಾಕಬೇಡಿ, ಹಾಕಿದೊಡನೆ ಅದು ನಮ್ಮ ಹುಳಿಯಾಗಿಬಿಡುತ್ತದೆ.

ಪದಾರ್ಥಕ್ಕೆ: ದೊಡ್ಡ ತೆಂಗಿನಕಾಯಿ ಒಂದು, ಹಸಿರು ಗುಂಡು ಬದನೆ ಆರು, ಸುಂಡೆಕಾಯಿ ಒಂದು ಮುಷ್ಟಿ, ಅಣಬೆ ಒಂದು ಬಟ್ಟಲು, ಸೋಯಾ ಸಾಸು ಒಂದು ದೊಡ್ಡ ಚಮಚ, ಜೋನಿ ಬೆಲ್ಲ ಒಂದು ಸಣ್ಣ ಚಮಚ, ನಿಂಬೆ ಎಲೆ ನಾಲ್ಕು, ಕಾಮಕಸ್ತೂರಿ ಎಲೆ ಒಂದು ಮುಷ್ಟಿ. ಪುಸ್ತಕ ನೋಡಿ ಮಾಡುವವರಿಗೆ ಒಂದು ಮಾತು: ಆಸ್ಟ್ರೇಲಿಯಾದವರ ದೊಡ್ಡ ಚಮಚ 20 ಮಿಲಿಲೀಟರು, ಬೇರೆ ಕಡೆಯದು 15. ಉಪ್ಪು, ಸಾಸು ಹಾಕುವಾಗ ಈ ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ, ಆದ್ದರಿಂದ ಕಡಿಮೆಯಿಂದ ಶುರು ಮಾಡಿ.

ಕಾಯಿ ತುರಿದು ಒಂದು ಬಟ್ಟಲು ಬಿಸಿನೀರಿನಲ್ಲಿ ಹಿಸುಕಿ ಗಟ್ಟಿ ಹಾಲು ತೆಗೆಯಿರಿ. ಅದೇ ಚರಟಕ್ಕೆ ಎರಡು ಬಟ್ಟಲು ನೀರು ಹಾಕಿ ತೆಳು ಹಾಲು ಬೇರೆ ಇಡಿ. ಗಟ್ಟಿ ಹಾಲನ್ನು ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕುದಿಸಿ. ಇಲ್ಲಿ ನಮ್ಮ ಕೈ ತಡೆಯುತ್ತದೆ, ಯಾಕೆಂದರೆ ತೆಂಗಿನ ಹಾಲು ಒಡೆಯಬಾರದು ಅಂತ ನಮಗೆ ಹುಟ್ಟಿನಿಂದ ಹೇಳಿಕೊಟ್ಟಿದ್ದಾರೆ. ಥಾಯ್ ಅಡಿಗೆಯಲ್ಲಿ ಅದು ಒಡೆಯಲೇಬೇಕು! ಹತ್ತು ನಿಮಿಷ ಕುದಿಸಿದರೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ, ಚರಚರ ಶಬ್ದ ಬದಲಾಗುತ್ತದೆ. ಆಗ ಮಸಾಲೆ ಹಾಕಿ, ಆ ಎಣ್ಣೆಯಲ್ಲೇ ಹಸಿವಾಸನೆ ಹೋಗುವವರೆಗೆ ಐದಾರು ನಿಮಿಷ ಬಾಡಿಸಿ. ಬೇರೆ ಎಣ್ಣೆ ಬೇಡ. ಪೊಟ್ಟಣದ ತೆಂಗಿನ ಹಾಲಿನಲ್ಲಿ ಒಡೆಯದಂತೆ ಏನಾದರೂ ಬೆರೆಸಿದ್ದರೆ ಎಷ್ಟು ಹೊತ್ತು ಕುದಿಸಿದರೂ ಎಣ್ಣೆ ಬಿಡುವುದು ಕಷ್ಟ. ಕಾಯಿ ಮನೆಯಲ್ಲಿ ಬಿದ್ದಿರುವಾಗ ಪೊಟ್ಟಣ ಯಾಕೆ ಬೇಕು ಹೇಳಿ?

ಬೆಲ್ಲ, ಸೋಯಾ ಸಾಸು ಹಾಕಿ ಒಂದು ಸಲ ತಿರುವಿ. ನಾಲ್ಕು ಹೋಳು ಮಾಡಿದ ಬದನೆ, ಜಜ್ಜಿ ಉಪ್ಪುನೀರಿನಲ್ಲಿ ತೊಳೆದ ಸುಂಡೆಕಾಯಿ, ಅಣಬೆ ಹಾಕಿ, ತೆಳು ಹಾಲು ಸುರಿದು ಮುಚ್ಚದೆ ಬೇಯಿಸಿ. ಬೆಂದ ಮೇಲೆ ಉಪ್ಪು ನೋಡಿ. ನಿಂಬೆ ಎಲೆ, ಕಾಮಕಸ್ತೂರಿ ಹಾಕಿ ಕೂಡಲೇ ಒಲೆ ಆರಿಸಿ. ಒಗ್ಗರಣೆ ಇಲ್ಲ. ಅನ್ನಕ್ಕೆ ಕುಚ್ಚಲಕ್ಕಿ ಒಗ್ಗುವುದಿಲ್ಲ, ಮೆತ್ತಗಾಗುವ ಬಿಳಿ ಅಕ್ಕಿಯ ಅನ್ನ ಮಾಡಿ.

ನಮ್ಮ ಮನೆಯಲ್ಲಿ ಇದನ್ನು ಮೊದಲ ಸಲ ಬಡಿಸಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಏನೇನು ಹಾಕಿದ್ದೀ?" ನಾನು ಬೆರಳು ಮಡಚುತ್ತಾ ಒಂದೊಂದೇ ಹೇಳಿದೆ. ಸೋಯಾ ಸಾಸು ಅಂದರೇನು ಅಂತ ಕೇಳಿದರು, ಅವರೆಯಂಥ ಕಾಳಿನದು ಅಂದೆ. ಬಾಟಲಿ ತರಿಸಿ ಹಸಿರು ಚುಕ್ಕೆಯನ್ನು ಮೊಮ್ಮಗಳಿಂದ ತೋರಿಸಿಕೊಂಡರು. ಆಮೇಲೆ ಉಂಡರು. "ನಮ್ಮ ವಲವಲದ ಅಕ್ಕನೋ ತಂಗಿಯೋ ಇರಬೇಕು, ಒಗ್ಗರಣೆ ಹಾಕಲಿಕ್ಕೆ ಪುರುಸೊತ್ತಾಗಲಿಲ್ಲ ಪಾಪ" ಅಂದರು. ಎರಡನೆಯ ಸಲ ಹಾಕಿಸಿಕೊಂಡದ್ದನ್ನೂ ಬರೆಯುತ್ತೇನೆ, ಯಾಕೆಂದರೆ ಹದಿನೈದು ವರ್ಷಗಳಲ್ಲಿ ಎಲ್ಲರ ತಟ್ಟೆಗೂ ಒಂದೇ ಪಾತ್ರೆಯಿಂದ ಬಡಿಸಿದ ಹೊಸ ಅಡಿಗೆ ನಮ್ಮ ಮನೆಯಲ್ಲಿ ಅದೊಂದೇ.

ಮೀನು ತಿನ್ನುವವರಿಗೆ ಬೇಕೆಂದರೆ ಒಂದು ಉಪಾಯ. ಮೀನಿನ ಸಾಸನ್ನು ಪಾತ್ರೆಗೆ ಹಾಕದೆ, ಸಣ್ಣ ಬಟ್ಟಲಿನಲ್ಲಿ ಸೂಜಿಮೆಣಸು ಹೆಚ್ಚಿ ಸಾಸು ಹಾಕಿ ಗಂಡಸರ ಮುಂದೆ ಬೇರೆ ಇಟ್ಟುಬಿಡಿ. ಥಾಯ್ ಮನೆಗಳಲ್ಲೂ ಊಟದ ಮೇಜಿನ ಮೇಲೆ ಅಂಥ ಬಟ್ಟಲು ಇದ್ದೇ ಇರುತ್ತದೆ, 'ಪ್ರಿಕ್ ನಾಮ್ ಪ್ಲಾ' ಅಂತ ಹೆಸರು. ನಿಮ್ಮ ಮನೆಯವರಿಗೆ ಬ್ಯಾಂಕಾಕಿನ ರುಚಿಯೂ ಸಿಕ್ಕಿತು, ಅತ್ತೆಯ ನೇಮವೂ ಉಳಿಯಿತು, ನಿಮಗೆ ಒಂದೇ ಅಡಿಗೆಯೂ ಆಯಿತು. ಬಟ್ಟಲಿಗೆ ಬೇರೆ ಚಮಚ ಇಡುವುದನ್ನು ಮರೆಯಬೇಡಿ. ಮತ್ತೆ ನಾದಿನಿಗೆ ಒಂದು ದಿನ ಮಸಾಲೆ ಕುಟ್ಟುವ ಕೆಲಸ ಕೊಡಿ, ಚಮಚದ ಮಾತು ತಾನಾಗಿ ನಿಲ್ಲುತ್ತದೆ!

'ತೋಮ್ ಯಮ್ ಕುಂಗ್' ಕೇಳಿದವರಿಗೆ ಚುಟುಕಾಗಿ ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಶೆಟ್ಲಿ ಸಾರು ಇದು. ಶೆಟ್ಲಿಯ ತಲೆ, ಸಿಪ್ಪೆ ಬಿಸಾಡದೆ ಕಾಲು ಗಂಟೆ ಕುದಿಸಿ ಸೋಸಿ. ಆ ನೀರಿಗೆ ಜಜ್ಜಿದ ಮಜ್ಜಿಗೆ ಹುಲ್ಲಿನ ಬುಡ, ದುಂಪರಾಸ್ಮೆ ಬಿಲ್ಲೆ, ನಿಂಬೆ ಎಲೆ, ಜಜ್ಜಿದ ಸೂಜಿಮೆಣಸು, ಅಣಬೆ ಹಾಕಿ ಕುದಿಸಿ, ಕೊನೆಗೆ ಶೆಟ್ಲಿ. ಎರಡು ನಿಮಿಷಕ್ಕೆ ಬಣ್ಣ ತಿರುಗುತ್ತದೆ, ಹೆಚ್ಚು ಬೇಯಿಸಿದರೆ ರಬ್ಬರು. ಮೀನಿನ ಸಾಸು ಹಾಕಿ ಇಳಿಸಿ. ನಿಂಬೆರಸವನ್ನು ಮಾತ್ರ ಒಲೆ ಆರಿಸಿದ ಮೇಲೆಯೇ ಹಿಂಡಬೇಕು, ಕುದಿಸಿದರೆ ಕಹಿ.

ಉಳಿದ ಹಸಿರು ಮಸಾಲೆಯನ್ನು ಗಾಜಿನ ಶೀಸೆಗೆ ಒತ್ತಿ ತುಂಬಿ, ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬಣ್ಣ ಕೆಡುವುದಿಲ್ಲ. ಐಸಿನ ತಟ್ಟೆಯಲ್ಲಿ ಗಟ್ಟಿ ಮಾಡಿಟ್ಟರೆ ಎರಡು ತಿಂಗಳು ಬರುತ್ತದೆ. ಫ್ರಿಜ್ಜು ಇಲ್ಲದವರು ಅವತ್ತಿಗೆ ಬೇಕಾದಷ್ಟೇ ಕುಟ್ಟಿ.

ಸಿಹಿ ಕೇಳಿದವರು ಮೇ ತಿಂಗಳವರೆಗೆ ಕಾಯಿರಿ. ಮಾವಿನ ಹಣ್ಣಿನ ಜೊತೆ ಅಂಟಕ್ಕಿ ಅನ್ನ ಅಲ್ಲಿಯ ಹೆಸರಾದ ಸಿಹಿ. ಅದಕ್ಕೆ ನಮ್ಮ ಅಂಕೋಲೆಯ ಕರಿ ಈಶಾಡಿಗಿಂತ ಒಳ್ಳೆಯ ಹಣ್ಣು ನನಗಂತೂ ಗೊತ್ತಿಲ್ಲ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ತವರಿನ ಅಭಿಮಾನ ಅಂತ ನಕ್ಕರೂ ಚಿಂತೆಯಿಲ್ಲ. ಅಕ್ಕಿ ಮಾತ್ರ ಅಂಟಕ್ಕಿಯೇ ಆಗಬೇಕು, ನಮ್ಮ ಅಕ್ಕಿ ನಡೆಯುವುದಿಲ್ಲ. ಅಸ್ಸಾಮಿನ 'ಬೋರಾ' ಅಕ್ಕಿ ಆ ಜಾತಿಯದು, ಆ ಕಡೆಯವರು ನೆರೆಯಲ್ಲಿದ್ದರೆ ಊರಿಂದ ಬರುವಾಗ ಒಂದು ಕಿಲೋ ತರಲು ಹೇಳಿಡಿ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸುವುದು; ನೀರಿನಲ್ಲಿ ಬೇಯಿಸುವುದಲ್ಲ. ಬಿಸಿ ಇರುವಾಗಲೇ ಸಕ್ಕರೆ, ಚಿಟಿಕೆ ಉಪ್ಪು ಕರಗಿಸಿದ ತೆಂಗಿನ ಗಟ್ಟಿ ಹಾಲು ಬೆರೆಸಿ ಕಾಲು ಗಂಟೆ ಮುಚ್ಚಿಟ್ಟರೆ ಹಾಲನ್ನೆಲ್ಲ ಕುಡಿದು ಹೊಳೆಯುತ್ತದೆ. ಹಣ್ಣನ್ನು ಹೆಚ್ಚಿ ಪಕ್ಕದಲ್ಲಿ ಇಡಿ. ಇದರಲ್ಲಿ ಮೀನಿನ ಮಾತೇ ಇಲ್ಲ, ಎಲ್ಲರಿಗೂ ಬಡಿಸಬಹುದು.